ಹರ್ಡೀಕರರ ಅಮೆರಿಕ ವಾಸವೂ ಏಷ್ಯದ ವಲಸೆಗಾರರೂ

ಧಾರವಾಡದ ನಾರಾಯಣ ಸುಬ್ಬರಾವ್ ಹರ್ಡೀಕರರು 1913ರಲ್ಲಿ ಉಚ್ಚ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳಿದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಸಿಸಿ ಪದವಿ ಪಡೆದರು. ನ್ಯೂಯಾರ್ಕಿನಲ್ಲಿ ಲಾಲಾ ಲಜಪತರಾಯರು 1917ರಲ್ಲಿ ಸ್ಥಾಪಿಸಿದ ಹೋಂ ರೂಲ್ ಲೀಗಿನಲ್ಲಿ ದುಡಿದು, 1921ರಲ್ಲಿ ಸ್ವದೇಶಕ್ಕೆ ಮರಳಿದರು. ಮುಂದೆ 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದವರೂ ಇವರೇ. ಈ ವೃತ್ತಾಂತವನ್ನು ಮಾತ್ರ ಓದಿದವರಿಗೆ, ಆ ಕಾಲದ ಅಮೆರಿಕವು ಏಷ್ಯದವರನ್ನು ಆದರಿಸುತ್ತಿದ್ದ ನಾಡೆಂದು ತೋರಬಹುದು. ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಅಲ್ಲಿನ ಕಾನೂನುಗಳನ್ನು ಗಮನಿಸೋಣ. ವಲಸೆ ಬಂದವರಲ್ಲಿ ಬಿಳಿಯರು ಮಾತ್ರ ಪೌರತ್ವಕ್ಕೆ ಅರ್ಹರೆಂದು 1790ರ ಶಾಸನ ವಿಧಿಸಿತ್ತು. 1870ರಲ್ಲಿ ಆಫ್ರಿಕ ಮೂಲದವರಿಗೂ ಆ ಹಕ್ಕು ದೊರೆಯಿತು. ಏಷ್ಯದವರು ಹೊರಗೆಯೇ ಉಳಿದರು. 1882ರ ಶಾಸನವು ಚೀನದ ಕೂಲಿಗಾರರ ಪ್ರವೇಶವನ್ನು ತಡೆಯಿತು. ಆದರೆ ವರ್ತಕರಿಗೂ ವಿದ್ಯಾರ್ಥಿಗಳಿಗೂ ವಿನಾಯಿತಿಯಿತ್ತು. 1907ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ ಸಂಸ್ಥಾನದ ಬೆಲ್ಲಿಂಗ್‌ಹ್ಯಾಮ್ ಪಟ್ಟಣದ ಮರದ ಗಿರಣಿಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳನ್ನು ಜನರ ಗುಂಪೊಂದು ಹೊಡೆದೋಡಿಸಿತು. ಹರ್ಡೀಕರರು ಅಮೆರಿಕಕ್ಕೆ ಹೋದ ವರ್ಷವೇ ಕ್ಯಾಲಿಫೋರ್ನಿಯವು, ಪೌರತ್ವಕ್ಕೆ ಅನರ್ಹರಾದ ವಿದೇಶೀಯರು ಕೃಷಿಭೂಮಿಯನ್ನು ಕೊಳ್ಳದಂತೆ ಶಾಸನ ಮಾಡಿತು. ಅವರು ಲೀಗಿನಲ್ಲಿ ದುಡಿಯತೊಡಗಿದ 1917ರಲ್ಲಿ ಭಾರತವೂ ಸೇರಿದಂತೆ ಏಷ್ಯದ ಬಹುಭಾಗಕ್ಕೆ ನಿಷೇಧ ಬಿದ್ದಿತು. ಅಲ್ಲಿಯೂ ವಿದ್ಯಾರ್ಥಿಗಳಿಗೆ ವಿನಾಯಿತಿ ಉಳಿದೇ ಇತ್ತು.

ಇದೆಲ್ಲವೂ ಕೂಲಿಯ ಪೈಪೋಟಿಯ ಫಲವಷ್ಟೇ ಎಂದು ಕೆಲವರು ವಾದಿಸಬಹುದು. ಪೈಪೋಟಿಯ ಭಯವಿದ್ದುದು ನಿಜ. ಆದರೆ ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂಡ್ ಎಂಬವರಿಗೂ ಪೌರತ್ವ ಸಲ್ಲದೆಂದು 1923ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅದನ್ನನುಸರಿಸಿ, ಅದಾಗಲೇ ಪೌರರಾಗಿದ್ದ ಹಲವು ಭಾರತೀಯರ ಹಕ್ಕನ್ನೂ ಕಿತ್ತುಕೊಳ್ಳಲಾಯಿತು. ಇದಕ್ಕೆ ಪೈಪೋಟಿಯೊಂದನ್ನೇ ಕಾರಣವೆನ್ನಲಾಗದು.

ಆದುದರಿಂದ ಹರ್ಡೀಕರರಂಥವರಿಗೆ ದೊರೆತುದು ಮರಳಿ ಹೋಗುವ ಅತಿಥಿಗೆ ಸಲ್ಲುವ ಸತ್ಕಾರ. ನೆಲೆಸಬಯಸಿದವನಿಗೆ ಅದು ಇರಲಿಲ್ಲವೆಂಬುದು ನಮ್ಮ ಅಭಿಪ್ರಾಯ. 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ಲಭಿಸಿತಾದರೂ ವರ್ಷಕ್ಕೆ ಸುಮಾರು 100 ಮಂದಿಗೆ ಮಾತ್ರ ಪ್ರವೇಶವಿತ್ತು. ರಾಷ್ಟ್ರಮೂಲವನ್ನು ಆಧರಿಸಿದ ಈ ಪ್ರಮಾಣಪದ್ಧತಿಯನ್ನು ರದ್ದುಗೊಳಿಸಿದುದು 1965ರ ಶಾಸನ.

ಇಂದು ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಂತಹ ಊರಿನ ವಿದ್ಯಾರ್ಥಿಯೂ ಅಮೆರಿಕದ ವ್ಯಾಸಂಗವನ್ನು ಬಯಸುವುದು ಅಪರೂಪವಲ್ಲ. ಹಿರಿಯರ ಚರಿತ್ರೆಯನ್ನು ಓದುವಾಗ, ಹೋಗಿ ಬಂದವರ ಜೊತೆಗೆ, ಬಾಗಿಲಲ್ಲೇ ತಡೆಯಲ್ಪಟ್ಟವರನ್ನೂ ಆತನು ನೆನೆಯುವಂತೆ ಮಾಡುವುದು ಇತಿಹಾಸದ ಅಧ್ಯಾಪಕರಾದ ನಮ್ಮ ಕರ್ತವ್ಯವಾಗಿದೆ.