ಹೊಗೆಯಿಲ್ಲದ ತಗಡಿನ ರೈಲು

ಬೆಂಗಳೂರಿನ ಮುಖ್ಯ ರೈಲು ನಿಲ್ದಾಣದ ಮಗ್ಗುಲಲ್ಲೇ ಇರುವ ಓಕಳಿಪುರಂಗೆ ರೈಲಿನ ಸದ್ದು ಹೊಸದಲ್ಲ. ಹಳೆಯ ಆಟಿಕೆ ಸಂಗ್ರಾಹಕರು ಹುಡುಕುವ ರೈಲಿಗೆ ಮಾತ್ರ ಹಳಿಯೂ ಬೇಡ, ಕೀಲಿಯೂ ಬೇಡ. ನೆಲಕ್ಕೊತ್ತಿ ನಾಲ್ಕು ಸಲ ಮುಂದಕ್ಕೆ ತಳ್ಳಿದರೆ ಹಲ್ಲುಚಕ್ರಗಳು ಒಳಗಿನ ಭಾರದ ಚಕ್ರವನ್ನು ರಭಸದಿಂದ ತಿರುಗಿಸುತ್ತವೆ. ಕೈಬಿಟ್ಟ ಮೇಲೆ ಆ ರಭಸವೇ ರೈಲನ್ನು ಗುರ್ರೆಂದು ಓಡಿಸುತ್ತದೆ.

ಎರಡನೇ ಮಹಾಯುದ್ಧದ ನಂತರ ಜಪಾನ್ ಇಂಥ ತಗಡಿನ ಆಟಿಕೆಗಳನ್ನು ಹೇರಳವಾಗಿ ರಫ್ತು ಮಾಡಿತು. ‘ಆಕ್ಯುಪೈಡ್ ಜಪಾನ್’ ಎಂಬ ಮುದ್ರೆಯಿದ್ದರೆ, ಅದು 1952ರಲ್ಲಿ ಮುಗಿದ ಮಿತ್ರರಾಷ್ಟ್ರಗಳ ಆಡಳಿತದ ಕಾಲದ್ದು.

ತುಕ್ಕು ಕಂಡೊಡನೆ ಬಣ್ಣ ಬಳಿಯುವವರಿದ್ದಾರೆ. ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ಕಿಟಕಿ, ಬಾಗಿಲುಗಳ ಚಿತ್ರವನ್ನು ಚಪ್ಪಟೆ ತಗಡಿನ ಮೇಲೆ ಮೊದಲು ಅಚ್ಚುಹಾಕಿ, ಆಮೇಲೆ ಬಗ್ಗಿಸಿ ಡಬ್ಬಿ ಮಾಡುತ್ತಿದ್ದರು. ಬಗ್ಗಿದ ತಗಡಿಗೆ ಆ ಅಚ್ಚು ಮತ್ತೆ ಹಾಕಲಾಗದು. ರಿಪೇರಿಗೆಂದು ಬಿಚ್ಚುವುದೂ ಅಪಾಯವೇ: ಭಾಗಗಳನ್ನು ಹಿಡಿದಿಟ್ಟ ತಗಡಿನ ಕಿವಿಗಳು ನಾಲ್ಕಾರು ಸಲ ಮಡಚಿದರೆ ಮುರಿದೇಹೋಗುತ್ತವೆ.