ಗುಳಿಗೆಯೊಳಗಿನ ಕೈಗಾ

ಕೈಗಾದ ಕಥೆಯನ್ನು ನಾವು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಕೇಳಿದ್ದೇವೆ. ಒಂದು, ಕಾಳಿ ಕಣಿವೆಯ ಕಾಡಿನ ಕಥೆ. ಅಣುಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತ ಕಥೆ. ಇನ್ನೊಂದು, 962 ದಿನಗಳ ದಾಖಲೆಯ ಕಥೆ. ಧಾರವಾಡದಲ್ಲಿ ಕುಳಿತು ಘನವಸ್ತುಗಳ ಬಗ್ಗೆ ಸಂಶೋಧನೆ ಮಾಡುವ ನನಗೆ ಇವೆರಡರ ನಡುವೆ ಮೂರನೆಯದೊಂದು ಕಾಣುತ್ತದೆ. ಅದು ಇಂಧನದ ಗುಳಿಗೆಯೊಳಗೆ ಪರಮಾಣುಗಳು ಜಾಗ ಬದಲಿಸುವ ಕಥೆ.

ಸ್ಫಟಿಕವೆಂದರೆ ಪರಮಾಣುಗಳ ಅಚ್ಚುಕಟ್ಟಾದ ಸಾಲು ಎಂದು ಶಾಲೆಯಲ್ಲಿ ಓದುತ್ತೇವೆ. ಆ ಸಾಲಿನಲ್ಲಿ ಖಾಲಿ ಜಾಗಗಳೂ ಇರುತ್ತವೆ ಎಂದು 1926ರಲ್ಲಿ ರಷ್ಯದ ಯಾಕೊವ್ ಫ್ರೆಂಕೆಲ್ ತೋರಿಸಿದರು. ಹುಬ್ಬಳ್ಳಿಗೆ ಹೋಗುವ ತುಂಬಿದ ಚಿಗರಿ ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿದೆ ಎನ್ನಿ. ಪಕ್ಕದವರು ಅಲ್ಲಿಗೆ ಸರಿದರೆ ಅವರ ಸೀಟು ಖಾಲಿಯಾಗುತ್ತದೆ. ಹೀಗೆ ಖಾಲಿ ಸೀಟೇ ಬಸ್ಸಿನ ತುಂಬ ಓಡಾಡುತ್ತದೆ. ಸ್ಫಟಿಕದ ದೋಷವೂ ಹಾಗೆಯೇ ಹರಡುತ್ತದೆ. ಘನವಸ್ತುವನ್ನು ಎಳೆದರೆ ಅಥವಾ ಒತ್ತಿದರೆ ಈ ಖಾಲಿ ಜಾಗಗಳು ಒಂದು ದಿಕ್ಕಿಗೆ ಹರಿದು, ವಸ್ತುವೇ ನಿಧಾನವಾಗಿ ಆಕಾರ ಬದಲಿಸುತ್ತದೆ ಎಂಬ ವಿವರಣೆಯನ್ನು 1948ರಲ್ಲಿ ನಬಾರೊ, 1950ರಲ್ಲಿ ಹೆರಿಂಗ್ ಕೊಟ್ಟರು.

ಕೈಗಾದ ರಿಯಾಕ್ಟರುಗಳಲ್ಲಿ ಉರಿಯುವುದು ಯುರೇನಿಯಂ ಡೈಆಕ್ಸೈಡಿನ ಗುಳಿಗೆಗಳು. ಅವನ್ನು ಜಿರ್ಕೋನಿಯಂ ಮಿಶ್ರಲೋಹದ ತೆಳು ಕೊಳವೆಗಳಲ್ಲಿ ತುಂಬಿ, 19 ಕೊಳವೆಗಳನ್ನು ಸೇರಿಸಿ ಸುಮಾರು ಅರ್ಧ ಮೀಟರ್ ಉದ್ದದ ಒಂದು ಕಟ್ಟು ಮಾಡುತ್ತಾರೆ. ಒಂದು ಯುರೇನಿಯಂ ಬೀಜಕೇಂದ್ರ ಒಡೆದಾಗ ಅದರ ಎರಡು ಚೂರುಗಳು ಸಾವಿರಾರು ಪರಮಾಣುಗಳನ್ನು ಜಾಗದಿಂದ ತಳ್ಳುತ್ತವೆ. ಗುಳಿಗೆಯ ನಡುಭಾಗ ಅಂಚಿಗಿಂತ ನೂರಾರು ಡಿಗ್ರಿ ಹೆಚ್ಚು ಬಿಸಿ. ನಡುಭಾಗ ಹಿಗ್ಗಿದಂತೆ ಅಂಚಿಗೆ ಎಳೆತ ಬೀಳುತ್ತದೆ, ಗುಳಿಗೆ ಬಿರುಕು ಬಿಡುತ್ತದೆ.

ಎಳೆತಕ್ಕೂ ಜಿಗಿತಕ್ಕೂ ಇರುವ ನಂಟು ಇಲ್ಲಿ ಮುಖ್ಯ. ಪರಮಾಣುವೊಂದು ಪಕ್ಕದ ಖಾಲಿ ಜಾಗಕ್ಕೆ ಜಿಗಿಯಬೇಕಾದರೆ ನಡುವಿನ ಪರಮಾಣುಗಳ ಸಂದಿಯಲ್ಲಿ ನುಸುಳಬೇಕು. ಎಳೆತ ಸಾಮಾನ್ಯವಾಗಿ ಆ ಸಂದಿಯನ್ನು ಅಗಲಿಸುತ್ತದೆ, ಒತ್ತಡ ಕಿರಿದಾಗಿಸುತ್ತದೆ. ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ 1000 ಕೆಲ್ವಿನ್ ಬಿಸಿಯಲ್ಲಿ ದಾಟಬೇಕಾದ ಶಕ್ತಿಯ ತಡೆ ಬರೀ 0.1 ಎಲೆಕ್ಟ್ರಾನ್ ವೋಲ್ಟ್ ತಗ್ಗಿದರೂ ಜಿಗಿತಗಳು ಸುಮಾರು 3 ಪಟ್ಟಾಗುತ್ತವೆ. ವಿದಳನದಲ್ಲಿ ಹುಟ್ಟುವ ಜೆನಾನ್ ಅನಿಲ ಚಲಿಸುವುದೂ ಇಂಥ ಖಾಲಿ ಜಾಗಗಳ ನೆರವಿನಿಂದಲೇ. ಅದು ಗುಳಿಗೆಯಲ್ಲೇ ಉಳಿಯುತ್ತದೆಯೋ, ಹೊರಬಂದು ಕೊಳವೆಯ ಒಳಗಿನ ಒತ್ತಡ ಹೆಚ್ಚಿಸುತ್ತದೆಯೋ ಎಂಬುದರಲ್ಲಿ ಈ ಲೆಕ್ಕಕ್ಕೂ ಪಾಲಿದೆ.

ಎಳೆತದ ಪಾಠವನ್ನು ಕೈಗಾ ಇಂಧನ ಬರುವ ಮೊದಲೇ ಕಲಿತಿತ್ತು. 1994ರ ಮೇ 13ರಂದು, ನಿರ್ಮಾಣ ಹಂತದಲ್ಲಿದ್ದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ಪದರವಾಗಿ ಕಳಚಿ ಬಿತ್ತು. ಬಿಗಿದ ಬಾಗು ಕೇಬಲ್‌ಗಳು ಕಾಂಕ್ರೀಟಿನೊಳಗೆ ಕಣ್ಣಿಗೆ ಕಾಣದ ಎಳೆತ ಹುಟ್ಟಿಸಿದ್ದವು. ಗುಮ್ಮಟವನ್ನು ಮರುವಿನ್ಯಾಸ ಮಾಡಿ ಕಟ್ಟಲಾಯಿತು. 2000ದ ನವೆಂಬರಿನಲ್ಲಿ ಆ ಘಟಕ ವಾಣಿಜ್ಯ ಉತ್ಪಾದನೆಗೆ ಬಂತು. ಅದೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತು. ಮುಂದೆ ಕೆನಡಾದ ಡಾರ್ಲಿಂಗ್ಟನ್ ಅದನ್ನು ಮುರಿಯಿತು.

ಆ 962 ದಿನಗಳೂ ಗುಳಿಗೆಗಳು ಬಿರುಕು ಬಿಡುತ್ತಲೇ ಇದ್ದವು. ಭಾರಜಲ ರಿಯಾಕ್ಟರಿನಲ್ಲಿ ಯಂತ್ರ ನಿಲ್ಲಿಸದೆಯೇ ಹಳೆಯ ಕಟ್ಟು ತೆಗೆದು ಹೊಸದನ್ನು ತೂರಿಸಬಹುದು. ದಾಖಲೆಯ ಒಂದು ಗುಟ್ಟು ಅದು. ಅಂದರೆ ಸುರಕ್ಷತೆ ನಿಂತಿರುವುದು ದೋಷವಿಲ್ಲದ ವಸ್ತುವಿನ ಮೇಲಲ್ಲ. ದೋಷ ಎಷ್ಟು ದೂರ, ಎಷ್ಟು ಬೇಗ ಸಾಗುತ್ತದೆ ಎಂದು ತಿಳಿದು, ಅದಕ್ಕೆ ಮೊದಲೇ ಇಂಧನವನ್ನು ಹೊರತೆಗೆಯುವುದರ ಮೇಲೆ.

ಹೊರತೆಗೆದ ಮೇಲೂ ಲೆಕ್ಕ ಮುಗಿಯುವುದಿಲ್ಲ. ಬಳಸಿದ ಇಂಧನದಲ್ಲಿ ಆಲ್ಫಾ ಕ್ಷಯ ನಡೆಯುತ್ತಲೇ ಇರುತ್ತದೆ. ಹೊಸ ದೋಷಗಳು ಹುಟ್ಟುತ್ತವೆ, ಹೀಲಿಯಂ ಸೇರುತ್ತದೆ, ಸ್ಫಟಿಕ ಸ್ವಲ್ಪ ಸ್ವಲ್ಪವೇ ಹಿಗ್ಗುತ್ತದೆ. ಕೈಗಾದ ಬಗ್ಗೆ ಹೆಮ್ಮೆಪಡುವವರೂ ಆತಂಕಪಡುವವರೂ ಒಟ್ಟಾಗಿ ಕೇಳಬೇಕಾದ ಪ್ರಶ್ನೆ ಇಲ್ಲಿದೆ: ಈ ಗುಳಿಗೆ ನೂರು ವರ್ಷದ ನಂತರ ಹೇಗಿರುತ್ತದೆ? ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು, ಉತ್ತರವನ್ನು ಕನ್ನಡದಲ್ಲೇ ತೂಗಿ ನೋಡಲು ನಮಗೆ ಬರಬೇಕು.