ವಿನ್‌ಕ್ರಿಸ್ಟಿನ್ ಎಂದರೇನು? ಅದನ್ನು ಸಿರಿಂಜಿನಲ್ಲಿ ಯಾಕೆ ಕೊಡಬಾರದು?

ಚಿಕ್ಕಪ್ಪನಿಗೆ ಲಿಂಫೋಮಾ, ಅಂದ್ರೆ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್ ಅಂತ ಗೊತ್ತಾದ ವಾರ, ಕೀಮೋ ಚೀಟಿಯಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಹುಡುಕುತ್ತಾ ಕೂತಿದ್ದೆ. ಅದರಲ್ಲೊಂದು ವಿನ್‌ಕ್ರಿಸ್ಟಿನ್. ಅದರ ಮೂಲ ನಮ್ಮೂರ ಅಂಗಳದಲ್ಲಿ ಯಾರೂ ನೀರು ಹಾಕದಿದ್ದರೂ ವರ್ಷವಿಡೀ ಅರಳುವ ನಿತ್ಯಪುಷ್ಪ!

ಎಲ್ಲಿಂದ ಬಂತು?

ಈ ಗಿಡದ ತವರು ಮಡಗಾಸ್ಕರ್. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಇದರ ಎಲೆಯ ಕಷಾಯ ಕುಡಿಯುತ್ತಿದ್ದರು. ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದನ್ನು ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. 1958ರಲ್ಲಿ ಅವರು ವಿನ್‌ಬ್ಲಾಸ್ಟಿನ್ ಬಗ್ಗೆ ವರದಿ ಮಾಡಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹಾಗಂತ ಎಲೆ ಜಗಿದರೆ ಕ್ಯಾನ್ಸರ್ ಹೋಗಲ್ಲ. ಗಿಡ ವಿಷಕಾರಿ, ಎಲೆಯಲ್ಲಿ ಔಷಧದ ಅಂಶವೂ ತೀರಾ ಕಡಿಮೆ.

ಹೇಗೆ ಕೆಲಸ ಮಾಡುತ್ತೆ?

ಜೀವಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಬದಿಗೆ ಎಳೆಯಲು ಸೂಕ್ಷ್ಮ ನಳಿಕೆಗಳನ್ನು ಕಟ್ಟಿಕೊಳ್ಳುತ್ತೆ. ಆ ನಳಿಕೆಗೆ ಇಟ್ಟಿಗೆಯಂತಿರುವ ಟ್ಯೂಬುಲಿನ್ ಪ್ರೊಟೀನಿಗೆ ವಿನ್‌ಕ್ರಿಸ್ಟಿನ್ ಅಂಟಿಕೊಳ್ಳುತ್ತೆ. ಕಟ್ಟಡ ನಿಲ್ಲುತ್ತೆ, ಕೋಶ ಸಾಯುತ್ತೆ.

ತೊಂದರೆ ಏನಂದ್ರೆ, ನರಗಳಿಗೂ ಸಾಗಾಣಿಕೆಗೆ ಇದೇ ನಳಿಕೆಗಳು ಬೇಕು. ಅದಕ್ಕೇ ಬೆರಳು ಜುಮುಗುಡೋದು, ಮಲಬದ್ಧತೆ, ದವಡೆ ನೋವು, ಪಾದ ಎತ್ತಲಾಗದಿರೋದು. ವಯಸ್ಕರಿಗೆ ಒಂದು ಬಾರಿಗೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರಿಸದಿರುವುದೂ ಇದಕ್ಕೇ. ಇಟ್ರಾಕೊನಜೋಲ್‌ನಂಥ ಫಂಗಸ್ ಮಾತ್ರೆ ಜೊತೆಗಿದ್ದರೆ ಅಪಾಯ ಹೆಚ್ಚು, ವೈದ್ಯರಿಗೆ ಹೇಳಲೇಬೇಕು.

ನಿಜವಾದ ಅಪಾಯ ಎಲ್ಲಿ?

ಈ ಔಷಧ ರಕ್ತನಾಳಕ್ಕೆ ಮಾತ್ರ. ಸೂಜಿ ಜಾರಿ ಹೊರಗೆ ಸೋರಿದರೆ ಚರ್ಮ, ಮಾಂಸ ಸುಡುತ್ತೆ. ಬೆನ್ನುಹುರಿಯ ದ್ರವಕ್ಕೆ ಸೇರಿದರಂತೂ ಬಹುತೇಕ ಸಾವೇ. ಆದರೆ ಲ್ಯುಕೇಮಿಯಾ ಚಿಕಿತ್ಸೆಯಲ್ಲಿ ಮೆಥೊಟ್ರೆಕ್ಸೇಟ್‌ನಂಥ ಬೇರೆ ಔಷಧವನ್ನು ಬೆನ್ನಿಗೇ ಕೊಡುತ್ತಾರೆ. ಎರಡೂ ಸಿರಿಂಜು ಒಂದೇ ಟ್ರೇಗೆ ಬಂದರೆ? 2001ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 18ರ ಹುಡುಗನೊಬ್ಬ ಇದೇ ಅದಲುಬದಲಿನಿಂದ ಸತ್ತ. ವೈದ್ಯನಿಗೆ ಜೈಲಾಯಿತು. ಆದರೆ ತನಿಖಾ ವರದಿ ವ್ಯವಸ್ಥೆಯ ಸಾಲು ಸಾಲು ಲೋಪಗಳನ್ನೂ ತೋರಿಸಿತು.

ಇಂಜಿನಿಯರಿಂಗ್ ಓದಿದ ನನಗೆ ಕಾಣೋದು ಇದು: ಮೂರು ಪಿನ್ನಿನ ಪ್ಲಗ್ ತಲೆಕೆಳಗಾಗಿ ಹೋಗೋದೇ ಇಲ್ಲ. 'ಎಚ್ಚರ' ಅಂತ ಬೋರ್ಡ್ ಹಾಕೋದಕ್ಕಿಂತ ತಪ್ಪಿಗೆ ಜಾಗವೇ ಇಲ್ಲದಂತೆ ಮಾಡೋದು ಒಳ್ಳೇ ವಿನ್ಯಾಸ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ್ದೂ ಅದನ್ನೇ: ವಿನ್‌ಕ್ರಿಸ್ಟಿನ್ ಸಿರಿಂಜಿನಲ್ಲಿ ಬೇಡ, ಸಣ್ಣ ಸಲೈನ್ ಚೀಲದಲ್ಲಿ ಬೆರೆಸಿ ಕೊಡಿ. ಡ್ರಿಪ್ ಚೀಲವನ್ನು ಯಾರೂ ಮೈಮರೆತು ಬೆನ್ನಿಗೆ ಚುಚ್ಚಲ್ಲ.

ನಾವು ಏನು ಕೇಳಬೇಕು?

ವಿನ್‌ಕ್ರಿಸ್ಟಿನ್ ನಮ್ಮ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಬೆಲೆಯ ಬಗ್ಗೆ ಮಾತಾಡುವ ನಾವು, ಕೊಡುವ ವಿಧಾನದ ಬಗ್ಗೆ ಮಾತಾಡೋದು ಕಡಿಮೆ. ಚಿಕ್ಕಪ್ಪನ ವಾರ್ಡಿನಲ್ಲಿ ನಾನು ಅಳುಕುತ್ತಲೇ ಕೇಳಿದೆ: "ಸಿಸ್ಟರ್, ಇದು ಸಿರಿಂಜಿನಲ್ಲೋ, ಚೀಲದಲ್ಲೋ?" ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಸ್ಟ್ಯಾಂಡಿಗೆ ಹಾಕಿದ್ದ ಪುಟ್ಟ ಚೀಲ ತೋರಿಸಿದರು.

ನನಗೆ ಓದೋಕೆ ಬಂತು, ಕೇಳಿದೆ. ಪಕ್ಕದ ಹಾಸಿಗೆಯ ಅಜ್ಜಿಗೆ ಈ ಪ್ರಶ್ನೆಯೇ ಗೊತ್ತಿರಲಿಲ್ಲ. ಕೇಳದವರಿಗೂ ಚೀಲವೇ ಸಿಗಬೇಕು. ಅದು ಸಿಸ್ಟರ್ ಒಳ್ಳೆಯವರೋ ಅಲ್ಲವೋ ಅನ್ನೋದರ ಮೇಲೆ ನಿಲ್ಲಬಾರದು.